ಉಪ್ಪಿನ ಮೇಲೆ ತೇಲುವ ಸಿಹಿನೀರು

ಪ್ರಶ್ನೆ: ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿದ್ದೆವು. ಉಳಿದುಕೊಂಡ ಮನೆಯ ಹಿತ್ತಿಲಿಗೂ ಕಡಲಿಗೂ ಕೂಗಳತೆ ದೂರ. ಆದರೂ ಬಾವಿಯ ನೀರು ಸಿಹಿಯಾಗಿತ್ತು. ಆ ಮನೆಯ ಅಮ್ಮ ಮಾತ್ರ, "ಇನ್ನೆರಡು ತಿಂಗಳು ಬಿಟ್ಟು ಬನ್ನಿ, ಇದೇ ನೀರು ಬಾಯಿಗೆ ಹಾಕಲಿಕ್ಕಾಗುವುದಿಲ್ಲ" ಅಂದರು. ನಮ್ಮದು ಬರದ ಸೀಮೆ. ನಮ್ಮಜ್ಜಿ ಕಣೇಕಲ್ಲು ಕಡೆಯವರು. ಹಗರಿಯ ಉಸುಕಿನಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಿಂದ ಮೊಗೆದು ಕೊಡ ತುಂಬುತ್ತಿದ್ದರಂತೆ. ನಮಗೆ ನೀರಿನ ತಾಪತ್ರಯ ಇರುವುದು ಸಹಜ. ಅಷ್ಟೊಂದು ಮಳೆ ಬೀಳುವ ಬಡಗು ಕರಾವಳಿಯವರಿಗೂ ಬೇಸಿಗೆಯಲ್ಲಿ ಆ ಚಿಂತೆ ಏಕೆ? ಪೈಪು, ಟ್ಯಾಂಕರ್ ಇಲ್ಲದ ಕಾಲದಲ್ಲಿ ಅಲ್ಲಿಯ ಜನ ಹೇಗೆ ಬಾಳಿದರು?

— ಓದುಗರೊಬ್ಬರು, ಓಬಳಾಪುರ, ರಾಯದುರ್ಗ ಸೀಮೆ

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಸೀಮೆಯಲ್ಲಿ ಬಿದ್ದ ನೀರನ್ನು ಬಿಸಿಲು ಕುಡಿಯುತ್ತದೆ, ನಮ್ಮ ಕರಾವಳಿಯಲ್ಲಿ ಕಡಲು ಕುಡಿಯುತ್ತದೆ. ಬಿದ್ದ ಮಳೆ ಎಷ್ಟು ಎಂಬುದಕ್ಕಿಂತ, ಅದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಂಡೆವು ಎಂಬುದರ ಮೇಲೆ ಎರಡೂ ಕಡೆಯ ಜನ ಬಾಳಿದ್ದಾರೆ. ಈಗ ಬಿಡಿಸಿ ಹೇಳುತ್ತೇನೆ. ನಾನು ಅಘನಾಶಿನಿಯ ಅಳಿವೆಯ ಪಕ್ಕದಲ್ಲಿ ಬೆಳೆದವಳು. ಇದು ನನಗೆ ಮನೆಯ ಮಾತು.

ಭೂಪಟ ಬಿಚ್ಚಿ ರಾಯದುರ್ಗದ ಮೇಲೆ ಬೆರಳಿಟ್ಟು ನೇರ ಪಡುವಣಕ್ಕೆ ಸರಿಸಿ. ಸುಮಾರು 275 ಕಿಲೋಮೀಟರ್ ದಾಟಿದ ಮೇಲೆ ಬೆರಳು ಅಂಕೋಲೆಯ ಹತ್ತಿರ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಎರಡೂ ಊರಿನ ಮೇಲೆ ಬೀಸುವುದು ಒಂದೇ ಗಾಳಿ. ಜೂನ್ ಮೊದಲ ವಾರದ ಹೊತ್ತಿಗೆ ನೈಋತ್ಯದಿಂದ ಬರುವ ಆ ಗಾಳಿ ಕಡಲ ತೇವ ಹೊತ್ತು ಸಹ್ಯಾದ್ರಿಯನ್ನು ಏರುತ್ತದೆ. ಏರುವಾಗ ತಣಿದು ಮಳೆ ಸುರಿಸುತ್ತದೆ. ಘಟ್ಟ ದಾಟಿ ಇಳಿಯುವಾಗ ಬಿಸಿಯಾಗಿ, ಒಣಗಿ, ನಿಮ್ಮ ಬಯಲಿಗೆ ಬರಿಗೈಯಲ್ಲಿ ತಲುಪುತ್ತದೆ. ಆಷಾಢದಲ್ಲಿ ಹಗರಿಯ ಉಸುಕನ್ನು ಎತ್ತಿ ಬೊಮ್ಮನಹಾಳ, ಕಣೇಕಲ್ಲು ಕಡೆಯ ಹೊಲಗಳಲ್ಲಿ ದಿಬ್ಬ ಕಟ್ಟುವುದು ಇದೇ ಗಾಳಿ. ನಮ್ಮ ಹೆಂಚಿನ ಮೇಲೆ ಮಳೆ ಬಡಿಯುವ ದಿನವೇ ನಿಮ್ಮ ಬಾಗಿಲಿಗೆ ಉಸುಕು ಬಡಿಯುತ್ತಿರುತ್ತದೆ.

ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಉತ್ತರ ಕನ್ನಡದ ಕರಾವಳಿಗೆ ಸುಮಾರು 3,500. ಜುಲೈ ಒಂದೇ ತಿಂಗಳಲ್ಲಿ ನಿಮ್ಮ ಇಡೀ ವರ್ಷದ್ದಕ್ಕಿಂತ ಹೆಚ್ಚು ಮಳೆ ಇಲ್ಲಿ ಸುರಿದುಹೋಗುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ದೀಪಾವಳಿ ಕಳೆದರೆ ಮುಂದಿನ ಮೃಗಶಿರೆಯವರೆಗೆ ಹೆಚ್ಚುಕಡಿಮೆ ಏಳು ತಿಂಗಳು ಆಕಾಶ ಬರಿದು.

ಬಿದ್ದದ್ದಾದರೂ ನಿಲ್ಲುತ್ತದೆಯೇ ಎಂದರೆ, ಇಲ್ಲ. ಇಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಜಾಗವೇ ಕಡಿಮೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕರಲ್ಲಿ ಉದ್ದದ್ದು ಕಾಳಿ. ಅದೂ 200 ಕಿಲೋಮೀಟರ್ ಮುಟ್ಟುವುದಿಲ್ಲ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡಿನ ಕಣಿವೆಯಲ್ಲಿ ಓಡಿ, ತದಡಿಯ ಹತ್ತಿರ ಉಪ್ಪಾಗಿಬಿಡುತ್ತದೆ. ನಿಮ್ಮ ವೇದಾವತಿ ಹಾಗಲ್ಲ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ, ಮಾರಿಕಣಿವೆಯಲ್ಲಿ ನಿಂತು, ಭೈರವಾನಿತಿಪ್ಪದಲ್ಲಿ ಮತ್ತೆ ನಿಂತು, ಹಗರಿಯೆಂಬ ಹೆಸರಿನಲ್ಲಿ ಉಸುಕಿನೊಳಗೆ ಮೈ ಅಡಗಿಸಿಕೊಂಡು ತುಂಗಭದ್ರೆಗೆ ಸೇರುತ್ತದೆ. ನಿಮ್ಮಜ್ಜಿಗೆ ಒರತೆ ಸಿಕ್ಕಿದ್ದು ಆ ಉಸುಕಿನ ಕೃಪೆಯಿಂದ. ನಮ್ಮ ಗುಡ್ಡಗಳದ್ದು ಚಿರೇಕಲ್ಲು, ಜೇನುಗೂಡಿನಂಥ ತೂತುತೂತಿನ ಕೆಂಪುಕಲ್ಲು. ಮಳೆಗಾಲದಲ್ಲಿ ಗಟಗಟ ಕುಡಿಯುತ್ತದೆ. ಬುಡದಲ್ಲಿ ಊಟೆಯಾಗಿ ಸೋರಿಸಿ, ಚೈತ್ರದ ಹೊತ್ತಿಗೆ ಖಾಲಿಯಾಗುತ್ತದೆ.

ಗೋಕರ್ಣದಲ್ಲಿ ನೀವು ಕಂಡ ಬಾವಿಗೆ ಈಗ ಬರೋಣ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಒಂದು ಲೀಟರ್ ಮಳೆನೀರು 1,000 ಗ್ರಾಂ ತೂಗಿದರೆ ಒಂದು ಲೀಟರ್ ಕಡಲ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ದಂಡೆಯ ಮರಳಿನಲ್ಲಿ ಇಂಗಿದ ಮಳೆನೀರು, ಕೆಳಗಿನಿಂದ ನುಗ್ಗಿ ಬಂದ ಕಡಲ ನೀರಿನ ಮೇಲೆ ಎಣ್ಣೆಯ ಹಾಗೆ ತೇಲುತ್ತ ಕೂರುತ್ತದೆ. ತೂಕದ ಲೆಕ್ಕ ಹಾಕಿದರೆ, ಬಾವಿಯ ನೀರು ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದಲ್ಲಿ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ನಿಂತಿರಬಹುದು. ಒಳ್ಳೆಯ ಸುದ್ದಿಯೇ. ಆದರೆ ಇದೇ ಲೆಕ್ಕ ಬೇಸಿಗೆಯಲ್ಲಿ ತಿರುಗಿಬೀಳುತ್ತದೆ. ಮೇಲೆ ಒಂದು ಅಡಿ ಇಳಿಯಿತೆಂದರೆ ಕೆಳಗಿನ ಉಪ್ಪು ನಲವತ್ತು ಅಡಿ ಮೇಲೇರುವ ದಾರಿ ಹಿಡಿಯುತ್ತದೆ. ಬಾವಿಯಲ್ಲಿ ನೀರು ತುಂಬಿಯೇ ಕಾಣುತ್ತದೆ, ಬಾಯಿಗೆ ಹಾಕಿದರೆ ಸವಳು. ಆ ಅಮ್ಮ ಎರಡು ತಿಂಗಳ ಗಡುವು ಕೊಟ್ಟದ್ದು ಇದನ್ನು ವರ್ಷವರ್ಷ ನಾಲಿಗೆಯಲ್ಲಿ ಕಂಡು.

ನಮ್ಮ ಮನೆಗೆ ಎರಡು ಬಾವಿ. ಅಳಿವೆಯ ಕಡೆಯದು ಬಳಕೆಗೆ, ಗುಡ್ಡದ ಕಡೆಯದು ಕುಡಿಯಲಿಕ್ಕೆ. ಹೋಳಿ ಹುಣ್ಣಿಮೆ ಕಳೆಯಿತೆಂದರೆ ಕುಡಿಯುವ ಬಾವಿಗೆ ಅಜ್ಜಿಯದೇ ಯಜಮಾನಿಕೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಸಣ್ಣ ಕೊಡಪಾನಕ್ಕೆ ಕುಣಿಕೆ ಹಾಕಿ, ಹಗ್ಗವನ್ನು ಕೈಯಿಂದ ಕೈಗೆ ಮೆಲ್ಲಗೆ ಬಿಡುವರು. ನಾವು ಮಕ್ಕಳು ಕೊಡಪಾನವನ್ನು ಧಡಕ್ಕೆಂದು ಬೀಳಿಸಿದರೆ ಅಡುಗೆಮನೆಯಿಂದಲೇ ಬೈಗುಳ ಬರುತ್ತಿತ್ತು. ಕೊಡಪಾನ ನೀರಿಗೆ ತಾಗಿದ ಮೇಲೆ ಅಜ್ಜಿ ಹಗ್ಗವನ್ನು ಒಂಚೂರು ಓರೆ ಮಾಡುವರು. ಅದು ಮಗ್ಗುಲಾಗಿ ಮೇಲುನೀರನ್ನಷ್ಟೇ ತುಂಬಿಕೊಂಡು ಬರುವುದು. ನಾಲ್ಕೈದು ಕೊಡ ಆದ ಮೇಲೆ ಅಂಗೈಗೆ ಸುರಿದು ನಾಲಿಗೆಗೆ ಮುಟ್ಟಿಸಿ ನೋಡುವರು. ರುಚಿ ತುಸು ಬದಲಾದರೂ ಹಗ್ಗ ಸುತ್ತಿ ಗೂಟಕ್ಕೆ ಹಾಕಿ, "ಸಾಕು, ಬಾವಿ ಮಲಗಲಿ" ಎನ್ನುವರು. ಮತ್ತೆ ನೀರು ಮರುದಿನ ಬೆಳಿಗ್ಗೆಯೇ. ರಾತ್ರಿಯೆಲ್ಲ ಸುತ್ತಲಿನ ಮಣ್ಣಿನಿಂದ ಸಿಹಿನೀರು ಒಸರಿ ಬಾವಿ ಹದಕ್ಕೆ ಬರುತ್ತಿತ್ತು.

ಒಂದೇ ಸಮ ಎಳೆದರೆ ಬಾವಿಯ ತಳದಲ್ಲಿ ಉಪ್ಪು ಗೋಪುರದ ಹಾಗೆ ಮೇಲೇಳುತ್ತದೆ, ಬಿಡುವು ಕೊಟ್ಟರೆ ಮೆಲ್ಲನೆ ಇಳಿಯುತ್ತದೆ ಎಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಈ ತೂಕದ ಸೂತ್ರವನ್ನು ಯೂರೋಪಿನಲ್ಲಿ ಬರೆದಿಟ್ಟವರು ಹಾಲೆಂಡಿನ ಬಾಡೋನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೊದಲನೆಯವರು, 1901ರಲ್ಲಿ ಎರಡನೆಯವರು, ಬೇರೆಬೇರೆಯಾಗಿ ಅದೇ ಲೆಕ್ಕಕ್ಕೆ ತಲುಪಿದರು. ಇಬ್ಬರದೂ ಉತ್ತರ ಸಮುದ್ರದ ತೀರ. ಆ ತೀರದ ಜನರ ಬದುಕೂ ನಮ್ಮದರ ಹತ್ತಿರದ ನೆಂಟ. ಜರ್ಮನಿಯ ಹಾಲಿಗ್ ಎಂಬ ತಗ್ಗು ನಡುಗಡ್ಡೆಗಳಲ್ಲಿ ಮಣ್ಣಿನ ದಿಬ್ಬ ಕಟ್ಟಿ ಅದರ ಮೇಲೆ ಮನೆ ಮಾಡುತ್ತಿದ್ದರು. ಸುತ್ತಲೂ ಉಪ್ಪುನೀರು. ಹುಲ್ಲಿನ ಮಾಡಿನಿಂದ ಇಳಿದ ಮಳೆನೀರನ್ನು ಜನರಿಗೆಂದು ತೊಟ್ಟಿಯಲ್ಲಿ, ದನಗಳಿಗೆಂದು ದಿಬ್ಬದ ನಡುವಿನ ಹೊಂಡದಲ್ಲಿ ಹಿಡಿಯುತ್ತಿದ್ದರು. ಬಿರುಗಾಳಿಗೆ ಕಡಲು ಉಕ್ಕಿ ಹೊಂಡಕ್ಕೆ ನುಗ್ಗಿದರೆ ದನಗಳಿಗೆ ನೀರಿಲ್ಲ. ಆ ಕರಾವಳಿಯವರು ಮನೆಯಂಗಳದಲ್ಲಿ ಕೂಡಿಟ್ಟ ಮಳೆನೀರನ್ನಷ್ಟೇ ಕುಡಿಯುತ್ತಾರೆಂದು ರೋಮಿನ ಪ್ಲಿನಿ ಸುಮಾರು 1,950 ವರ್ಷಗಳ ಹಿಂದೆಯೇ ದಾಖಲಿಸಿದ್ದಾನೆ.

ಇನ್ನು ದಿನದ ಬದುಕು. ಇಲ್ಲಿ ಮಳೆಗಾಲ ಎಂದರೆ ನಾಲ್ಕು ತಿಂಗಳ ಮುತ್ತಿಗೆ ಇದ್ದಂತೆ. ಮೇ ತಿಂಗಳಿಡೀ ಅದಕ್ಕೆ ಸಿದ್ಧತೆ ನಡೆಯುತ್ತಿತ್ತು. ತೆಂಗಿನ ಗರಿ ಹೆಣೆದು ತಟ್ಟಿ ಮಾಡಿ ಪಡುವಣ ದಿಕ್ಕಿನ ಮಣ್ಣುಗೋಡೆಗೆ ಕಟ್ಟುವುದು ಮೊದಲ ಕೆಲಸ. ಇರಿಚಲು ಹೊಡೆದರೆ ಗೋಡೆ ಕರಗಿ ಕೂತುಬಿಡುತ್ತದೆ. ಹೆಂಚು ಕೈಯಾಡಿಸಬೇಕು, ಹುಲ್ಲಿನ ಮಾಡಾದರೆ ಹೊಸ ಹುಲ್ಲು ಹೊದಿಸಬೇಕು. ಸೌದೆ ಒಡೆದು ಕೊಟ್ಟಿಗೆಯ ಪಕ್ಕ ಒಟ್ಟಬೇಕು. ಮಾವಿನಮಿಡಿ ಉಪ್ಪಿಗೆ ಬೀಳಬೇಕು, ಹಲಸಿನ ಹಪ್ಪಳ ಒಣಗಬೇಕು, ಮುರುಗಲು ಸಿಪ್ಪೆ ಡಬ್ಬಿ ಸೇರಬೇಕು. ಮೀನುಗಾರರ ಕೇರಿಗಳಲ್ಲಿ ಒಣಮೀನು ಬುಟ್ಟಿ ತುಂಬಬೇಕು.

ನಿಮ್ಮ ಕಡೆ ಜೋಳವನ್ನು ಹಗೇವಿನಲ್ಲಿ, ನೆಲದೊಳಗೆ ಇಡುತ್ತಿದ್ದರು. ನಮ್ಮಲ್ಲಿ ನೆಲದೊಳಗೆ ಇಟ್ಟದ್ದೆಲ್ಲ ಮೊಳಕೆಯಾಗುತ್ತದೆ ಇಲ್ಲವೇ ಕೊಳೆಯುತ್ತದೆ. ಆದ್ದರಿಂದ ನಮ್ಮ ದಾಸ್ತಾನು ಮೇಲೆ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ. ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಿ ಇಡುವುದು, ಬೀಜವನ್ನು ಹೊಗೆಗೆ ಒಡ್ಡುವುದು ಇದೇ ಕಾರಣಕ್ಕೆ. ಬಟ್ಟೆ ಒಣಗುತ್ತಿದ್ದದ್ದೂ ಬಚ್ಚಲೊಲೆಯ ಮೇಲೆಯೇ. ಆರಿದ್ರಾ ಮಳೆಯಲ್ಲಿ ಶಾಲೆಗೆ ಹೋದ ನಮ್ಮ ಅಂಗಿಗಳಿಗೆಲ್ಲ ಹೊಗೆಯ ವಾಸನೆ.

ಮಳೆಯ ನಕ್ಷತ್ರಗಳು ನಿಮಗೂ ನಮಗೂ ಒಂದೇ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆ ನಿಮ್ಮ ಬಯಲಿನದು. ಅಲ್ಲಿ ರೋಹಿಣಿ ಹೊಟ್ಟೆಗೆ ಭರವಸೆ. ಇಲ್ಲಿ ಅದು ದೋಣಿಗಳನ್ನು ದಂಡೆಗೆ ಎಳೆದು ತೆಂಗಿನಗರಿ ಹೊದಿಸಿರೆಂಬ ಎಚ್ಚರಿಕೆ. ಈಗ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸರ್ಕಾರದ ನಿಷೇಧವಿದೆ. ಕಾನೂನಿಲ್ಲದ ಕಾಲದಲ್ಲೂ ಕಡಲ ಅಬ್ಬರವೇ ನಿಷೇಧ ಹಾಕುತ್ತಿತ್ತು. ಹರಿಕಂತರು, ಖಾರ್ವಿಗಳು, ಅಂಬಿಗರು, ಮೊಗೇರರು ಆ ದಿನಗಳಲ್ಲಿ ಬಲೆ ಹೆಣೆಯುತ್ತ, ಹೊಳೆಯ ಮೀನು ನಂಬಿ ಕೂರುತ್ತಿದ್ದರು. ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ಪೂಜೆ ಮಾಡಿದ ಮೇಲೆಯೇ ದೋಣಿ ಇಳಿಯುವುದು. ಮಳೆ ಹಿಂದೆ ಸರಿದಾಗ ಬಂಗಡೆ, ತಾರ್ಲೆಗಳ ಹಿಂಡು ದಂಡೆಯ ಹತ್ತಿರ ಬರುತ್ತಿತ್ತು. ಉದ್ದನೆಯ ರಂಪಣಿ ಬಲೆ ಬಿಟ್ಟು ಊರವರೆಲ್ಲ ಸಾಲುಗಟ್ಟಿ ಎಳೆಯುವರು. ಎಳೆದ ಕೈಗೆಲ್ಲ ಪಾಲು. 1970ರ ದಶಕದ ನಡುವಿನಿಂದ ಪರ್ಸೀನ್ ದೋಣಿಗಳು ಬಂದ ಮೇಲೆ ಆ ನೋಟ ಅಪರೂಪವಾಯಿತು.

ನೀರಿನ ವಿಚಾರದಲ್ಲಿ ನಮ್ಮ ಹಿರಿಯರ ದೊಡ್ಡ ಕೆಲಸವೆಂದರೆ ಗಜನಿ. ದಿನಕ್ಕೆರಡು ಸಲ ಭರತದಲ್ಲಿ ಕಡಲು ಅಳಿವೆಯೊಳಗೆ ಏರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಅದರ ಜೋರು ಹೆಚ್ಚು. ಉಪ್ಪುನೀರು ಹೊಕ್ಕು ಹೊರಡುವ ಈ ತಗ್ಗು ನೆಲಕ್ಕೆ ಮಣ್ಣು ಕಲ್ಲಿನ ಕಟ್ಟೆ ಹಾಕಿ, ಮರದ ಹಲಗೆಯ ತೂಬು ಇಟ್ಟು, ಗದ್ದೆ ಮಾಡಿದರು. ಮಳೆಗಾಲ ಹಿಡಿದ ಮೇಲೆ ಹೊಳೆಯ ಸಿಹಿನೀರು ನೆಲದ ಉಪ್ಪನ್ನು ತೊಳೆಯುತ್ತದೆ. ಆಗ ಕಗ್ಗ ಬಿತ್ತುತ್ತಾರೆ. ಕಗ್ಗ ಎಂದರೆ ಉಪ್ಪು ತಡೆಯುವ, ಎತ್ತರಕ್ಕೆ ಬೆಳೆಯುವ, ನೆರೆನೀರಿನಲ್ಲಿ ದಿನಗಟ್ಟಲೆ ಮುಳುಗಿದರೂ ಸಾಯದ ಕೆಂಪಕ್ಕಿಯ ಭತ್ತ. ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲು ಮುಗಿದ ಮೇಲೆ ತೂಬು ತೆಗೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಕೊಳೆತ ಕೂಳೆಯನ್ನು ತಿಂದು ಸೀಗಡಿ, ಮೀನು ಬೆಳೆಯುತ್ತವೆ. ಒಂದೇ ನೆಲ ಆರು ತಿಂಗಳು ಗದ್ದೆ, ಆರು ತಿಂಗಳು ಕೆರೆ. ಕುಮಟಾ ತಾಲೂಕಿನ ಮಾಣಿಕಟ್ಟೆಯ ಗಜನಿ ಇದಕ್ಕೆ ಹೆಸರುವಾಸಿ. ಗೋವೆಯ ಖಾಜನ್, ಕಣ್ಣೂರಿನ ಕೈಪಾಡ್, ಕೊಚ್ಚಿಯ ಸುತ್ತಿನ ಪೊಕ್ಕಾಳಿ ಇದರ ಒಡಹುಟ್ಟುಗಳು. ಒಬ್ಬರ ಗದ್ದೆಯ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಹೀಗಾಗಿ ಕಟ್ಟೆ ಕಾಯುವುದು, ತೂಬು ಏರಿಸಿ ಇಳಿಸುವುದು ಊರೊಟ್ಟಿನ ಕೆಲಸವಾಗಿತ್ತು. ನಿಮ್ಮಲ್ಲಿ ಕೆರೆಯ ತೂಬಿಗೆ ನೀರುಗಂಟಿ ಇದ್ದಂತೆಯೇ.

ಬೇಸಿಗೆಯ ಬಿಸಿಲೂ ಇಲ್ಲಿ ವ್ಯರ್ಥವಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಭರತದ ನೀರನ್ನು ಕಟ್ಟೆಯೊಳಗೆ ಹಿಡಿದು, ಆಗರದ ಮಡಿಗಳಿಗೆ ಹಾಯಿಸಿ ಉಪ್ಪು ತೆಗೆಯುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನಿಮ್ಮ ಕೆರೆಯನ್ನು ಬರಿದು ಮಾಡುವ ಬಿಸಿಲೇ ಅಲ್ಲಿ ಉಪ್ಪು ಕೆರೆಯುವವರ ಕೂಲಿ. ಮೊದಲ ಮಳೆ ಬಿದ್ದ ದಿನ ಅವರ ಕೆಲಸ ನಿಲ್ಲುತ್ತದೆ. ಈ ಉಪ್ಪೇ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದ ಸತ್ಯಾಗ್ರಹದ ಕಿಡಿಯಾಯಿತು. ಇಳಿತದ ಹೊತ್ತಿನಲ್ಲಿ ಅಘನಾಶಿನಿಯ ಕೆಸರಿಗೆ ಇಳಿದು ಬಳಚು ಆಯುವ ಹೆಂಗಸರನ್ನು ನೀವು ಗೋಕರ್ಣದಿಂದ ಬರುವ ದಾರಿಯಲ್ಲಿ ಕಂಡಿರಬಹುದು. ಅವರ ಗಡಿಯಾರ ಚಂದ್ರ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ, ಅಡುಗೆ ಊಟದ ಹೊತ್ತೂ ಅದರ ಜೊತೆಗೇ ಸರಿಯುತ್ತದೆ.

ನಿಮ್ಮ ಸೀಮೆಗೂ ನಮ್ಮ ಸೀಮೆಗೂ ಇನ್ನೊಂದು ಹಳೆಯ ನಂಟಿದೆ. 1799ರಲ್ಲಿ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಮರುವರ್ಷವೇ ಬಳ್ಳಾರಿ, ಅನಂತಪುರಗಳನ್ನು ಒಳಗೊಂಡ ದತ್ತ ಮಂಡಲಕ್ಕೆ ಹೋಗಿ 1807ರವರೆಗೆ ಅಲ್ಲಿದ್ದ. ಆಗ ಎರಡೂ ಮದರಾಸು ಪ್ರಾಂತ್ಯದ ನೆಲ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಕಾಗದದ ಮೇಲೆ ಗೆರೆಗಳು ಸರಿದವು; ಗಾಳಿಯ ದಾರಿ, ನೀರಿಗೆ ನಾವಿಟ್ಟ ಹೆಸರುಗಳು ಹಾಗೇ ಉಳಿದವು. ನೀವು ಬರೆದ ಒರತೆ ನಮ್ಮ ದಂಡೆಯಲ್ಲೂ ಒರತೆಯೇ. ಮಡಕಶಿರಾ, ಪಾವಗಡದ ಕಡೆ ಹಳ್ಳದ ಉಸುಕು ತೋಡಿ ನೀರನ್ನು ಕಾಲುವೆಗೆ ಹರಿಸುವ ತಲಪರಿಗೆ ಅದರ ದೊಡ್ಡಣ್ಣ.

ಈಗ ಎರಡೂ ಕಡೆ ಕಷ್ಟ ಬಂದಿರುವುದು ಒಂದೇ ದಾರಿಯಿಂದ. ಉಸುಕು ಲಾರಿ ಹತ್ತಿದ ಹಳ್ಳದಲ್ಲಿ ಒರತೆ ಹುಟ್ಟುವುದಿಲ್ಲ. ನಮ್ಮಲ್ಲಿ ಬಾವಿಗೆ ಬಿಡುವು ಕೊಡದ ಪಂಪು ಬಂತು, ದಂಡೆಯಲ್ಲಿ ಬೋರು ಕೊರೆದರು. ಒಮ್ಮೆ ಉಪ್ಪು ಹತ್ತಿದ ಬಾವಿ ಸರಿಹೋಗಲು ಹಲವು ಮಳೆಗಾಲ ಬೇಕು. ಕಗ್ಗ ಬೆಳೆಯುವ ಗಜನಿ ಕಡಿಮೆಯಾಗುತ್ತಿದೆ. ಗುಡ್ಡದ ಬುಡ ಅಗೆದಲ್ಲಿ ಮಳೆ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕಂಡೆವು. ಹೆದ್ದಾರಿಯ ಮೇಲಿನ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು, ಜೀವಗಳು ಹೋದವು. ಗುಡ್ಡವೇ ನಮ್ಮ ಬಾವಿಗಳ ತಾಯಿ. ಅದನ್ನು ಕಡಿದು ಬಾವಿ ಆಳ ಮಾಡಿದರೆ ಪ್ರಯೋಜನವಿಲ್ಲ.

ಕೊನೆಗೆ ನಿಮ್ಮ ಮನೆಗೆ ಒಂದು ಲೆಕ್ಕ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಮಾಳಿಗೆಗೆ ನಿಮ್ಮ 550 ಮಿಲಿಮೀಟರ್ ಮಳೆ ಕೊಡುವುದು 55,000 ಲೀಟರ್. ಐದರಲ್ಲೊಂದು ಪಾಲು ಹಾಳಾದರೂ 44,000 ಉಳಿಯಿತು. ಐದು ಜನರ ಮನೆಗೆ ಕುಡಿಯಲಿಕ್ಕೆ, ಅಡುಗೆಗೆ ತಲೆಗೆ ದಿನಕ್ಕೆ ಹತ್ತು ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು 18,250 ಲೀಟರ್. ಬರದ ವರ್ಷ ಮಳೆ ಅರ್ಧಕ್ಕೆ ಇಳಿದರೂ ಸಾಲುತ್ತದೆ. ಅರ್ಧ ಮಾಳಿಗೆಯಷ್ಟೇ ಇದ್ದರೂ ಒಳ್ಳೆಯ ವರ್ಷದಲ್ಲಿ ಕುಡಿಯುವ ನೀರಿಗೆ ಕೊರತೆಯಿಲ್ಲ. ಮಾಳಿಗೆ ಗುಡಿಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಹಿಡಿಯಬೇಕು; ಕುಡಿಯುವ ಮುನ್ನ ಕಾಯಿಸಿಕೊಳ್ಳಬೇಕು. ಈ ಲೆಕ್ಕವನ್ನು ನಾನು ನಮ್ಮೂರಿನವರಿಗೂ ಹೇಳುತ್ತಿರುತ್ತೇನೆ. 3,500 ಮಿಲಿಮೀಟರ್ ಮಳೆ ಹೆಂಚಿನಿಂದ ಇಳಿದು ಅಂಗಳ ದಾಟಿ ಹೋಗುವುದನ್ನು ನೋಡುತ್ತ ಕೂತು, ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಕಾಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಿಮ್ಮಜ್ಜಿ ಚಿಪ್ಪಿನಿಂದ ಮೊಗೆದದ್ದು ನೀರು ಕಡಿಮೆ ಇತ್ತೆಂದು ಮಾತ್ರವಲ್ಲ ಎಂದು ನನಗನ್ನಿಸುತ್ತದೆ. ಒರತೆಗೆ ಕೊಡವನ್ನೇ ಅದ್ದಿದರೆ ಉಸುಕು ಕದಡಿ ನೀರು ಬಗ್ಗಡವಾಗುತ್ತದೆ, ಅಂಚು ಕುಸಿದು ಒರತೆ ಮುಚ್ಚುತ್ತದೆ. ಚಿಪ್ಪಾದರೆ ತಿಳಿನೀರಷ್ಟೇ ಬರುತ್ತದೆ, ಮೊಗೆದಷ್ಟೂ ಒಸರಲು ಒರತೆಗೆ ಹೊತ್ತು ಸಿಗುತ್ತದೆ. ನಮ್ಮಜ್ಜಿ ಕೊಡಪಾನವನ್ನು ಓರೆ ಮಾಡಿ ಬಿಟ್ಟದ್ದೂ ಅದಕ್ಕೇ. ಮುಂದಿನ ಸಲ ಕಣೇಕಲ್ಲಿಗೆ ಹೋದಾಗ ಒರತೆ ತೋಡಬಲ್ಲ ಹಿರಿಯರು ಯಾರಾದರೂ ಇದ್ದರೆ, ಹಗರಿಗೆ ಕರೆದುಕೊಂಡು ಹೋಗಿ ಎಲ್ಲಿ ತೋಡಬೇಕು, ಎಷ್ಟು ಆಳಕ್ಕೆ ನಿಲ್ಲಿಸಬೇಕು ಎಂದು ಕೇಳಿ ಕಲಿತುಕೊಳ್ಳಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.